ಸಾರ್ವಜನಿಕ ಕೀಲಿಯ ಪರಿಶೀಲನೆ

ಸಾರ್ವಜನಿಕ ಕೀಲಿಯ ಪರಿಶೀಲನೆ ಎಂದರೆ ಸಹಿ ಮಾಡಿದ ಅಥವಾ ಗೂಢಲಿಪೀಕರಿಸಿದ (ಎನ್‌ಕ್ರಿಪ್ಟ್ ಮಾಡಿದ) ಇಮೇಲ್ ವಿನಿಮಯದಲ್ಲಿ ಬಳಸುವ ಕೀಲಿಯು, ಅದರಲ್ಲಿ ನಮೂದಾಗಿರುವ ವ್ಯಕ್ತಿಗೇ ಸೇರಿದ್ದೆಂದು ಖಚಿತಪಡಿಸಿಕೊಳ್ಳುವ ಕ್ರಮ. ಪಿಜಿಪಿ ತಂತ್ರಾಂಶ, ಅದರಿಂದ ರೂಪುಗೊಂಡ ಓಪನ್‌ಪಿಜಿಪಿ ಮಾನಕ ಹಾಗೂ ಆ ಮಾನಕವನ್ನು ಅನುಸರಿಸುವ ಗ್ನೂಪಿಜಿಗಳಲ್ಲಿ ಈ ಹೊಣೆ ಬಹುಮಟ್ಟಿಗೆ ಬಳಕೆದಾರರ ಮೇಲೆಯೇ ಇರುತ್ತದೆ.

ಅಗತ್ಯ

ಕಳುಹಿಸುವವರು ತಮ್ಮ ಖಾಸಗಿ ಕೀಲಿಯಿಂದ ಸಹಿ ಮಾಡುತ್ತಾರೆ. ಪಡೆದವರು ಕಳುಹಿಸಿದವರ ಸಾರ್ವಜನಿಕ ಕೀಲಿಯಿಂದ ಅದನ್ನು ತಾಳೆ ನೋಡುತ್ತಾರೆ. ಸಹಿ ಸರಿಯಾಗಿದೆ ಎಂದು ತಂತ್ರಾಂಶ ತಿಳಿಸಿದರೆ, ಪತ್ರವು ದಾರಿಯಲ್ಲಿ ಬದಲಾಗಿಲ್ಲ ಮತ್ತು ಆ ಸಾರ್ವಜನಿಕ ಕೀಲಿಯ ಜೋಡಿಯಿಂದಲೇ ಸಹಿ ಆಗಿದೆ ಎಂದಷ್ಟೇ ಅರ್ಥ. ಕೀಲಿ ಯಾರದು ಎಂಬುದನ್ನು ಗಣಿತ ಹೇಳಲಾರದು. ಯಾರು ಬೇಕಾದರೂ ಯಾರ ಹೆಸರು, ವಿಳಾಸವನ್ನಾದರೂ ಹಾಕಿ ಕೀಲಿಯೊಂದನ್ನು ಸೃಷ್ಟಿಸಬಹುದು. ಇಬ್ಬರ ನಡುವೆ ನುಸುಳಿದವನು ಇಬ್ಬರಿಗೂ ತನ್ನ ಕೀಲಿಯನ್ನೇ ಕೊಟ್ಟರೆ, ಪ್ರತಿ ಪತ್ರವನ್ನೂ ಬಿಚ್ಚಿ ಓದಿ, ಮತ್ತೆ ಮುಚ್ಚಿ ಮುಂದಕ್ಕೆ ಸಾಗಿಸಬಲ್ಲನು.

ಬೆರಳಚ್ಚು

ಇಡೀ ಕೀಲಿಯನ್ನು ಓದಿ ಹೋಲಿಸುವುದು ಕಷ್ಟವಾದ್ದರಿಂದ ಅದರ ಸಂಕ್ಷಿಪ್ತ ಗುರುತಾದ ಬೆರಳಚ್ಚನ್ನು (ಫಿಂಗರ್‌ಪ್ರಿಂಟ್) ಹೋಲಿಸಲಾಗುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ಕೀಲಿಗಳಲ್ಲಿ ಇದು ಅಂಕಿ ಮತ್ತು ಅಕ್ಷರಗಳು ಸೇರಿ 40 ಚಿಹ್ನೆಗಳಷ್ಟಿರುತ್ತದೆ. ಹೋಲಿಕೆಯು ಮುಖಾಮುಖಿ ಭೇಟಿ, ಪರಿಚಿತ ದನಿಯ ದೂರವಾಣಿ ಕರೆ ಮುಂತಾದ ಬೇರೆ ಮಾರ್ಗದಲ್ಲಿ ನಡೆಯಬೇಕು. ಕೀಲಿ ಬಂದ ಇಮೇಲ್‌ನಲ್ಲೇ ಬೆರಳಚ್ಚೂ ಬಂದಿದ್ದರೆ ಅದರಿಂದ ಪ್ರಯೋಜನವಿಲ್ಲ. ಒಂದನ್ನು ಬದಲಿಸಬಲ್ಲವನು ಇನ್ನೊಂದನ್ನೂ ಬದಲಿಸಬಲ್ಲನು.

ಕೊನೆಯ 8 ಚಿಹ್ನೆಗಳನ್ನು ಮಾತ್ರ ನೋಡುವ ರೂಢಿ ಅಪಾಯಕಾರಿ. ಅವು ಹೊಂದುವಂತೆ ಬೇರೊಂದು ಕೀಲಿಯನ್ನು ಗ್ರಾಫಿಕ್ಸ್ ಸಂಸ್ಕಾರಕವುಳ್ಳ ಕಂಪ್ಯೂಟರಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ತಯಾರಿಸಬಹುದು. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರ ಹೆಸರಿನಲ್ಲಿ ಇಂತಹ ನಕಲಿ ಕೀಲಿಯೊಂದು ಕೀಲಿ ಸರ್ವರ್‌ಗಳಲ್ಲಿ ಇದ್ದುದು 2016ರಲ್ಲಿ ಬೆಳಕಿಗೆ ಬಂದಿತು.

ಪರಿಶೀಲನೆಗೆ ಪ್ರಸಿದ್ಧ ನಿದರ್ಶನ 2013ರ ಜನವರಿಯದು. ಅಮೆರಿಕದ ರಹಸ್ಯ ಕಣ್ಗಾವಲನ್ನು ಮುಂದೆ ಬಯಲಿಗೆಳೆದ ಎಡ್ವರ್ಡ್ ಸ್ನೋಡೆನ್, ಚಿತ್ರ ನಿರ್ದೇಶಕಿ ಲಾರಾ ಪೊಯಿಟ್ರಸ್ ಅವರನ್ನು ಗುಪ್ತವಾಗಿ ಸಂಪರ್ಕಿಸಬೇಕಿತ್ತು. ತನಗೆ ದೊರೆತ ಕೀಲಿ ಆಕೆಯದೇ ಎಂಬ ಖಾತರಿ ಅವರಿಗಿರಲಿಲ್ಲ. ಮಧ್ಯವರ್ತಿಯಾದ ಮೈಕಾ ಲೀ ಆಕೆಯ ಕೀಲಿಯ ಬೆರಳಚ್ಚನ್ನು ತಮ್ಮ ಟ್ವಿಟರ್ ಖಾತೆಯಲ್ಲಿ ಬಹಿರಂಗವಾಗಿಯೇ ಪ್ರಕಟಿಸಿದರು. ಬೆರಳಚ್ಚು ಗುಟ್ಟಾಗಿಡಬೇಕಾದದ್ದಲ್ಲ, ಹೆಚ್ಚು ಕಡೆ ಕಾಣಿಸಿದಷ್ಟೂ ಅದನ್ನು ತಿರುಚುವುದು ಕಷ್ಟ.

ನಂಬಿಕೆಯ ಜಾಲ

ಪ್ರತಿಯೊಬ್ಬರನ್ನೂ ಸ್ವತಃ ಭೇಟಿಯಾಗುವುದು ಅಸಾಧ್ಯ. 1991ರಲ್ಲಿ ಪಿಜಿಪಿಯನ್ನು ಹೊರತಂದ ಫಿಲ್ ಝಿಮ್ಮರ್‌ಮನ್ ಇದಕ್ಕೆ ನಂಬಿಕೆಯ ಜಾಲ (ವೆಬ್ ಆಫ್ ಟ್ರಸ್ಟ್) ಎಂಬ ಪರಿಹಾರವನ್ನು ಮುಂದಿಟ್ಟರು. ಪರಿಶೀಲಿಸಿದವರು ಇತರರ ಕೀಲಿಗೆ ತಮ್ಮ ಸಹಿ ಹಾಕುತ್ತಾರೆ. ಅವರನ್ನು ಬಲ್ಲ ಮೂರನೆಯವರು ಆ ಸಹಿಯನ್ನು ಆಧರಿಸುತ್ತಾರೆ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೆರೆಸಬಾರದು: ಕೀಲಿ ಈ ವ್ಯಕ್ತಿಯದೇ ಎಂಬುದು ಒಂದು, ಇತರರ ಕೀಲಿಗಳ ವಿಷಯದಲ್ಲಿ ಈ ವ್ಯಕ್ತಿಯ ಸಾಕ್ಷ್ಯವನ್ನು ನಂಬಬಹುದೇ ಎಂಬುದು ಇನ್ನೊಂದು. ಪ್ರಾಮಾಣಿಕನಾದ ಸ್ನೇಹಿತನೂ ಗುರುತು ಪತ್ರ ನೋಡದೆ ಸಹಿ ಹಾಕುವ ಉದಾಸೀನನಿರಬಹುದು. ಗ್ನೂಪಿಜಿಯ ಸಾಮಾನ್ಯ ನಿಯಮದಂತೆ ಪೂರ್ಣ ನಂಬಿಕೆಯ ಒಬ್ಬರ ಅಥವಾ ಭಾಗಶಃ ನಂಬಿಕೆಯ ಮೂವರ ಸಹಿಯಿದ್ದರೆ ಕೀಲಿ ಮಾನ್ಯವಾಗುತ್ತದೆ. ಡೆಬಿಯನ್ ಯೋಜನೆಯು ತನ್ನ ಅಭಿವೃದ್ಧಿಕಾರರನ್ನು ಗುರುತಿಸಲು ಇಂತಹ ಸಹಿಗಳನ್ನು ಅವಲಂಬಿಸಿದೆ. ಅದರ ಹೊರಗೆ, ಸಾಮಾನ್ಯ ಬಳಕೆದಾರರಲ್ಲಿ, ಈ ಜಾಲ ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ.

2019ರಲ್ಲಿ ಕಿಡಿಗೇಡಿಗಳು ಕೆಲವರ ಕೀಲಿಗಳಿಗೆ ಭಾರೀ ಸಂಖ್ಯೆಯ ಬೇಡದ ಸಹಿಗಳನ್ನು ಅಂಟಿಸಿ ಸರ್ವರ್‌ಗಳಲ್ಲಿ ತುಂಬಿದರು. ಅವುಗಳನ್ನು ಇಳಿಸಿಕೊಂಡ ಗ್ನೂಪಿಜಿ ತಂತ್ರಾಂಶ ಕುಂಠಿತವಾಗುತ್ತಿತ್ತು. ಅದೇ ವರ್ಷ ಆರಂಭವಾದ ಕೀಸ್.ಓಪನ್‌ಪಿಜಿಪಿ.ಆರ್ಗ್ ಸರ್ವರ್, ಇಮೇಲ್ ವಿಳಾಸವನ್ನು ದೃಢಪಡಿಸಿಕೊಂಡ ನಂತರವೇ ಕೀಲಿಯನ್ನು ಆ ವಿಳಾಸದೊಡನೆ ಪ್ರಕಟಿಸುತ್ತದೆ. ಇದರಿಂದ ಸಾಬೀತಾಗುವುದು ಅಂಚೆಪೆಟ್ಟಿಗೆಯ ಮೇಲಿನ ಹಿಡಿತ ಮಾತ್ರ; ಕೀಲಿಯ ಒಡೆಯರು ಯಾರೆಂಬುದನ್ನು ತಿಳಿಯಲು ಬೆರಳಚ್ಚನ್ನು ತಾಳೆ ನೋಡಲೇಬೇಕಾಗುತ್ತದೆ.