ಮಾಹಿತಿ ಸಾಲದು, ಮಾತೂ ಬೇಕು

ಅಮೆರಿಕದ ಮಹಿಳೆಯರಲ್ಲಿ ಕಪ್ಪುವರ್ಣೀಯರ ಪಾಲು ಸುಮಾರು ಶೇ 13. ಆದರೆ ಅಲ್ಲಿ ಹೊಸದಾಗಿ ಎಚ್‌ಐವಿ ಪತ್ತೆಯಾಗುವ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅವರೇ. ಇವರಲ್ಲಿ ಬಹುಪಾಲು ಜನರಿಗೆ ಸೋಂಕು ತಗಲುವುದು ಪುರುಷ ಸಂಗಾತಿಯಿಂದ. ಇದನ್ನು ನಡತೆಯ ದೋಷವೆಂದು ತಳ್ಳಿಹಾಕುವಂತಿಲ್ಲ. ಸೋಂಕು ಮೊದಲೇ ಹೆಚ್ಚಾಗಿರುವ ಸಮುದಾಯದಲ್ಲಿ ಒಬ್ಬನೇ ಸಂಗಾತಿಯಿದ್ದರೂ ಅಪಾಯ ಹೆಚ್ಚು. ಬಡತನ, ಆರೋಗ್ಯ ವಿಮೆಯ ಕೊರತೆ, ತಡವಾಗಿ ಆಗುವ ಪರೀಕ್ಷೆ ಅದನ್ನು ಇನ್ನಷ್ಟು ಬೆಳೆಸುತ್ತವೆ.

ಸರ್ಕಾರಿ ವೈದ್ಯಕೀಯ ವ್ಯವಸ್ಥೆಯ ಮೇಲಿನ ಅಪನಂಬಿಕೆಯೂ ಇದಕ್ಕೆ ಸೇರಿಕೊಂಡಿದೆ. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಪುರುಷರಿಗೆ ಸರಿಯಾದ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತಿತ್ತು. ಪೆನಿಸಿಲಿನ್ ಬಂದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. ಇಂಥ ಇತಿಹಾಸವಿರುವಲ್ಲಿ ಇಲಾಖೆಯ ಕರಪತ್ರಕ್ಕಿಂತ ತಮ್ಮವರ ಮಾತಿಗೆ ಬೆಲೆ ಹೆಚ್ಚು.

ಡೇಜಾನ್ ಡಿಕ್ಸನ್ ಡಿಯಾಲೊ 1989ರಲ್ಲಿ ಅಟ್ಲಾಂಟಾದಲ್ಲಿ ಕಟ್ಟಿದ ‘ಸಿಸ್ಟರ್‌ಲವ್’ ಸಂಸ್ಥೆ ತಮ್ಮವರ ಮೇಲಿನ ಈ ನಂಬಿಕೆಯನ್ನೇ ಬಳಸಿಕೊಂಡಿತು. ಅದರ ‘ಹೆಲ್ದಿ ಲವ್’ ಕಾರ್ಯಾಗಾರ ಮೂರ್ನಾಲ್ಕು ಗಂಟೆಯ ಒಂದೇ ಕೂಟ. ಮೊದಲೇ ಪರಿಚಯವಿರುವ ಮಹಿಳೆಯರ ಗುಂಪು ಎಲ್ಲಿ ಸೇರುತ್ತದೋ ಅಲ್ಲಿಗೇ ತರಬೇತುದಾರರು ಹೋಗುತ್ತಾರೆ.

ಜೀನಾ ವಿಂಗುಡ್ ಮತ್ತು ರಾಲ್ಫ್ ಡಿಕ್ಲೆಮೆಂಟ್ ರೂಪಿಸಿದ ‘ಸಿಸ್ಟಾ’ ತರಬೇತಿ ಇನ್ನೂ ಹೆಸರುವಾಸಿ. ವಾರಕ್ಕೊಂದರಂತೆ ಐದು ತರಗತಿ, ಒಂದೊಂದು ಎರಡು ಗಂಟೆ. ನಡೆಸುವವರೂ ಕಪ್ಪು ಮಹಿಳೆಯರೇ. ಮೊದಲ ತರಗತಿ ಶುರುವಾಗುವುದು ರೋಗದಿಂದಲ್ಲ, ಕಪ್ಪು ಹೆಣ್ಣಾಗಿರುವ ಹೆಮ್ಮೆಯಿಂದ. ಕಪ್ಪು ಕವಯಿತ್ರಿಯರ ಕವಿತೆಗಳನ್ನು ಓದಿ ಚರ್ಚಿಸುತ್ತಾರೆ. ಎಚ್‌ಐವಿ ಹರಡುವ ಬಗೆ ಎರಡನೆಯ ವಾರದ ಪಾಠ. ಮೂರನೆಯದರಲ್ಲಿ ದಿಟ್ಟವಾಗಿ ಮಾತಾಡುವ ಅಭ್ಯಾಸ. ಕಾಂಡೋಮ್ ಎಂದಕೂಡಲೇ ‘ನನ್ನ ಮೇಲೆ ನಂಬಿಕೆ ಇಲ್ಲವಾ?’ ಎನ್ನುವ ಸಂಗಾತಿಗೆ ಸುಮ್ಮನೆ ತಲೆಬಾಗದೆ, ಜಗಳಕ್ಕೂ ಇಳಿಯದೆ ಉತ್ತರ ಕೊಡುವುದನ್ನು ಪಾತ್ರ ವಹಿಸಿ ಕಲಿಯುತ್ತಾರೆ. ನಾಲ್ಕನೆಯದರಲ್ಲಿ ಮಾದರಿಯ ಮೇಲೆ ಕಾಂಡೋಮ್ ತೊಡಿಸುವ ಅಭ್ಯಾಸ ನಡೆಯುತ್ತದೆ. ಸಂಗಾತಿ ಒಪ್ಪದಿದ್ದಾಗ, ಕುಡಿತ ನಡುವೆ ಬಂದಾಗ ಏನು ಮಾಡಬೇಕೆಂಬುದು ಕೊನೆಯ ವಾರದ ವಿಷಯ.

ಸ್ಯಾನ್‌ಫ್ರಾನ್ಸಿಸ್ಕೊದ ಬೇವ್ಯೂ-ಹಂಟರ್ಸ್ ಪಾಯಿಂಟ್ ಬಡಾವಣೆಯ 18ರಿಂದ 29 ವರ್ಷದ 128 ಮಹಿಳೆಯರ ಮೇಲೆ ಇದನ್ನು ಪರೀಕ್ಷಿಸಿ, ಫಲಿತಾಂಶವನ್ನು 1995ರಲ್ಲಿ ಪ್ರಕಟಿಸಲಾಯಿತು. ಒಂದು ಗುಂಪಿಗೆ ಐದು ತರಗತಿ, ಇನ್ನೊಂದಕ್ಕೆ ಎಚ್‌ಐವಿ ಮಾಹಿತಿಯ ಒಂದೇ ತರಗತಿ. ಮೂರನೆಯ ಗುಂಪಿಗೆ ಆ ಮಾಹಿತಿ ಸಿಕ್ಕಿದ್ದು ಅಧ್ಯಯನ ಮುಗಿದ ಮೇಲೆ. ಮೂರು ತಿಂಗಳ ನಂತರ ನೋಡಿದಾಗ, ಐದು ತರಗತಿಯವರಲ್ಲಿ ತಪ್ಪದೆ ಕಾಂಡೋಮ್ ಬಳಸುವುದು ಹೆಚ್ಚಿತ್ತು, ಸಂಗಾತಿಯೊಡನೆ ಮಾತುಕತೆಯೂ ಸುಧಾರಿಸಿತ್ತು. ಬರೀ ಮಾಹಿತಿ ಪಡೆದವರಿಗೂ ಏನೂ ಪಡೆಯದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಮುಂದೆ ಸಿಸ್ಟಾವನ್ನು ದೇಶದ ಸಮುದಾಯ ಸಂಸ್ಥೆಗಳಿಗೆ ಹಂಚಿತು. ಇದೇ ಮಾದರಿಯಲ್ಲಿ ಹದಿಹರೆಯದ ಹುಡುಗಿಯರಿಗೆ ‘ಸೀಲೆ’, ಎಚ್‌ಐವಿಯೊಂದಿಗೆ ಬದುಕುತ್ತಿರುವ ಮಹಿಳೆಯರಿಗೆ ‘ವಿಲೋ’ ಬಂದವು. ದಕ್ಷಿಣ ಆಫ್ರಿಕಾದ ಷೋಸಾ ಮಹಿಳೆಯರಿಗೆ ತಕ್ಕಂತೆಯೂ ಇದನ್ನು ಮಾರ್ಪಡಿಸಲಾಯಿತು.

ಈ ತರಬೇತಿಗೂ ಮಿತಿಯಿದೆ. ಕಾಂಡೋಮ್‌ಗೆ ಗಂಡಸು ಒಪ್ಪಬೇಕು. ಹೊಡೆಯುವವನ ಮುಂದೆ, ಬಾಡಿಗೆ ಕಟ್ಟುವವನ ಮುಂದೆ ದಿಟ್ಟ ಮಾತು ಸುಲಭವಲ್ಲ. ಸೋಂಕು ತಗಲದಂತೆ ಮುಂಚಿತವಾಗಿ ನುಂಗುವ ಪ್ರೆಪ್ ಮಾತ್ರೆಗೆ 2012ರಲ್ಲಿ, ಎರಡು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಚುಚ್ಚುಮದ್ದಿಗೆ 2021ರಲ್ಲಿ ಅಮೆರಿಕ ಒಪ್ಪಿಗೆ ನೀಡಿದ್ದರಿಂದ, ಸಂಗಾತಿಯನ್ನು ಕೇಳದೆಯೂ ಹೆಣ್ಣು ತನ್ನನ್ನು ಕಾಪಾಡಿಕೊಳ್ಳುವ ದಾರಿ ತೆರೆಯಿತು. ಆದರೆ ಅಂಥದ್ದೊಂದು ಔಷಧ ಇದೆಯೆಂದು ಹೇಳಲು, ಅದನ್ನು ಕೇಳಿ ಪಡೆಯುವ ಧೈರ್ಯ ತುಂಬಲು ನಂಬಿಕೆಯ ಗುಂಪುಗಳು ಇಂದಿಗೂ ಬೇಕು. ಔಷಧ ಮತ್ತು ತರಬೇತಿ ಒಂದಕ್ಕೊಂದು ಬದಲಿಯಲ್ಲ. ಎರಡೂ ಜೊತೆಯಾದಾಗಲೇ ಪೂರ್ಣ ಫಲ.