ತೊದಲ್ನುಡಿ ಏರಿದ ಪೀಠ

ಕ್ರಿ.ಶ. 250ರ ಜನವರಿಯಲ್ಲಿ ರೋಮಿನ ಬಿಷಪ್ ಫೇಬಿಯನ್ನರು ಚಕ್ರವರ್ತಿ ಡೀಸಿಯಸನ ಹಿಂಸಾಕಾಂಡಕ್ಕೆ ಬಲಿಯಾದ ಮೇಲೆ, ಒಂದು ವರ್ಷಕ್ಕೂ ಮಿಕ್ಕು ಬರಿದಾಗಿ ಉಳಿದ ಆ ಪೀಠದ ಕಾರ್ಯಭಾರವನ್ನು ಹೊತ್ತಿದ್ದ ಅಲ್ಲಿನ ಪುರೋಹಿತರು, ಆಫ್ರಿಕದ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್ನರಿಗೆ ಬರೆದ ಓಲೆಗಳು ಇಂದಿಗೂ ಉಳಿದುಬಂದಿವೆ. ಆ ಓಲೆಗಳ ಒಕ್ಕಣೆಯಲ್ಲಿ ಸಿಪ್ರಿಯನ್ನರಿಗೆ ಸಂದಿರುವ ಗೌರವಪದ ‘ಪಾಪಾ’. ಯಾವ ಪದವನ್ನು ಇಂದು ನಾವು ರೋಮಿನ ಧರ್ಮಾಧಿಪತಿಗೆ ಮಾತ್ರ ಸಲ್ಲತಕ್ಕದ್ದೆಂದು ಭಾವಿಸಿ ‘ಪೋಪ್’ ಎನ್ನುತ್ತೇವೆಯೋ, ಅದನ್ನೇ ರೋಮಿನವರು ಪರಸ್ಥಳದ ಬಿಷಪರೊಬ್ಬರಿಗೆ ಕಿಂಚಿತ್ತೂ ಸಂಕೋಚವಿಲ್ಲದೆ ಅರ್ಪಿಸಿದ್ದರು.

ಸಂಕೋಚಕ್ಕೆ ಆಗ ಕಾರಣವೂ ಇರಲಿಲ್ಲ. ‘ಪಪ್ಪಾಸ್’ ಎಂಬುದು ಗ್ರೀಕ್ ಮನೆಗಳಲ್ಲಿ ಹಸುಳೆಗಳು ತಂದೆಯನ್ನು ಕರೆಯುತ್ತಿದ್ದ ತೊದಲ್ನುಡಿ. ಅದು ಶಾಸ್ತ್ರದಿಂದ ಬಂದುದಲ್ಲ, ತೊಟ್ಟಿಲಿನಿಂದ ಬಂದುದು. ಸಭೆಯ ಹಿರಿಯನನ್ನು ತಂದೆಯೆಂದು ಬಗೆದ ಭಕ್ತರು ಆ ಸಲಿಗೆಯ ಮಾತನ್ನೇ ಅವನಿಗೂ ಸಲ್ಲಿಸಿದರು. ರೋಮಿಗಿಂತ ಮುಂಚಿತವಾಗಿಯೇ ಈಜಿಪ್ಟಿನ ಅಲೆಗ್ಸಾಂಡ್ರಿಯದಲ್ಲಿ ಇದು ರೂಢಿಯಲ್ಲಿದ್ದುದಕ್ಕೆ ಆಧಾರವಿದೆ: ಅಲ್ಲಿನ ಬಿಷಪ್ ಡಯೋನಿಸಿಯಸರು ತಮ್ಮ ಪೂರ್ವಾಧಿಕಾರಿ ಹೆರಾಕ್ಲಾಸರನ್ನು ಪತ್ರವೊಂದರಲ್ಲಿ ಇದೇ ಪದದಿಂದ ಸ್ಮರಿಸಿದ್ದಾರೆ.

ಅನೇಕರಿಗೆ ಸಲ್ಲುತ್ತಿದ್ದ ಈ ಪದವು ಪಶ್ಚಿಮ ಯೂರೋಪಿನಲ್ಲಿ ಶತಮಾನಗಳ ಪರ್ಯಂತ ಕ್ರಮೇಣ ಸಂಕುಚಿತವಾಗುತ್ತ ಬಂದು, ಕಡೆಗೆ ಒಬ್ಬನ ಸ್ವತ್ತಾಯಿತು. 1075ರಲ್ಲಿ ರೋಮಿನ ಪೋಪ್ ಏಳನೆಯ ಗ್ರೆಗರಿಯ ಕಾಲದಲ್ಲಿ ದಾಖಲಾದ 27 ಸೂತ್ರಗಳಲ್ಲಿ, ಈ ನಾಮವು ಜಗತ್ತಿನಲ್ಲಿ ಏಕಮಾತ್ರವಾದುದೆಂಬ ಘೋಷಣೆಯೂ ಒಂದು. ಚಕ್ರವರ್ತಿಗಳನ್ನು ಪದಚ್ಯುತಗೊಳಿಸುವ ಅಧಿಕಾರವೂ ತನಗುಂಟೆಂದು ಅದೇ ಪಟ್ಟಿಯಲ್ಲಿ ಸಾರಿದವನಿಗೆ, ಒಂದು ಪದವನ್ನು ವಶಪಡಿಸಿಕೊಳ್ಳುವುದು ದುಸ್ಸಾಧ್ಯವೆನಿಸಲಿಲ್ಲವೆಂದು ತೋರುತ್ತದೆ. ಅಲೆಗ್ಸಾಂಡ್ರಿಯದವರು ಮಾತ್ರ ತಮ್ಮ ಹಕ್ಕನ್ನು ಬಿಟ್ಟುಕೊಡಲಿಲ್ಲ; 2012ರಲ್ಲಿ ಅಲ್ಲಿನ ಕಾಪ್ಟಿಕ್ ಪೀಠವನ್ನೇರಿದ ಎರಡನೆಯ ತವಾದ್ರೋಸರು ಆ ಪರಂಪರೆಯ 118ನೆಯ ಪೋಪ್ ಎನಿಸಿಕೊಂಡರು.

ಪೂರ್ವದ ಗ್ರೀಕ್ ಮತ್ತು ಸ್ಲಾವ್ ನಾಡುಗಳಲ್ಲಿ ಈ ಪದ ತುಳಿದ ಹಾದಿಯೇ ಬೇರೆ. ಅಲ್ಲಿ ಅದು ಮೇಲಕ್ಕೇರದೆ ಹಳ್ಳಿಗಿಳಿಯಿತು. ಗ್ರೀಕರಲ್ಲಿ ಉಚ್ಚಾರದ ಒತ್ತು ಮೊದಲ ಅಕ್ಷರದ ಮೇಲೆ ಬಿದ್ದರೆ ರೋಮಿನ ಪೋಪ್, ಕೊನೆಯ ಅಕ್ಷರದ ಮೇಲೆ ಬಿದ್ದರೆ ಊರ ಇಗರ್ಜಿಯ ಸಾಮಾನ್ಯ ಪುರೋಹಿತ. ಆರ್ಥೊಡಾಕ್ಸ್ ಪಂಥದಲ್ಲಿ ಗ್ರಾಮಪುರೋಹಿತನು ಗೃಹಸ್ಥನಾಗಿರಬಹುದಾದುದರಿಂದ ಅವನ ಸಂತತಿಯೂ ಬೆಳೆಯಿತು, ಸಂತತಿಯೊಡನೆ ಅಡ್ಡಹೆಸರುಗಳೂ ಬೆಳೆದುವು: ಗ್ರೀಕರ ಪಾಪಡೋಪುಲೋಸ್, ರುಮೇನಿಯದ ಪೊಪೆಸ್ಕು, ಬಲ್ಗೇರಿಯ ಮತ್ತು ರಷ್ಯಗಳ ಪೊಪೋವ್, ಸರ್ಬಿಯದ ಪೊಪೊವಿಚ್, ಇವೆಲ್ಲವೂ ಪುರೋಹಿತನ ಮನೆತನವನ್ನೇ ಸೂಚಿಸುತ್ತವೆ. ಬ್ರಹ್ಮಚರ್ಯವನ್ನು ವಿಧಿಸಿದ ರೋಮನ್ ಪಂಥದಲ್ಲಿ ನಿಯಮದ ಪ್ರಕಾರ ಇಂತಹ ಅಡ್ಡಹೆಸರಿಗೆ ಆಸ್ಪದವಿರಲಿಲ್ಲ.

ಸಲಿಗೆ ಹೆಚ್ಚಿದಲ್ಲಿ ಸದರವೂ ಬೆಳೆಯುವುದುಂಟು. ರಷ್ಯದಲ್ಲಿ ‘ಪೋಪ್’ ಎಂಬುದು ಹಳ್ಳಿಯ ಪುರೋಹಿತನನ್ನು ಹಗುರವಾಗಿ ಕಾಣುವ ಮಾತಾಗಿ, ಅವನನ್ನು ಆದರದಿಂದ ಕರೆಯಬೇಕಾದಾಗ ‘ಬಾತ್ಯುಷ್ಕಾ’ ಎಂಬ ಮತ್ತೊಂದು ಪಿತೃವಾಚಕವನ್ನು ಆಶ್ರಯಿಸಬೇಕಾಯಿತು. ಮಹಾಕವಿ ಪುಷ್ಕಿನನು 1830ರಲ್ಲಿ, ಜಿಪುಣನಾದ ಪುರೋಹಿತನನ್ನೂ ಅವನ ಆಳು ಬಾಲ್ದಾನನ್ನೂ ಕುರಿತು ಒಂದು ಕಥನಕವನವನ್ನು ರಚಿಸಿದನಷ್ಟೆ. ಕವಿಯ ಮರಣಾನಂತರ 1840ರಲ್ಲಿ ಅದನ್ನು ಪ್ರಕಟಿಸಿದ ಜುಕೋವ್‌ಸ್ಕಿ, ಸರ್ಕಾರದ ಪರಿಶೀಲಕರ ಕಣ್ಣಿಗೆ ಅಂಜಿ, ಪುರೋಹಿತನನ್ನು ವರ್ತಕನನ್ನಾಗಿ ಮಾರ್ಪಡಿಸಿಬಿಟ್ಟನು. ಜರ್ಮನರಲ್ಲಿಯೂ ಇದೇ ಮೂಲದ ‘ಫಾಫ್ಫೆ’ ಒಮ್ಮೆ ಮರ್ಯಾದೆಯ ಪದವಾಗಿದ್ದು, ಲೂಥರನ ಮತಸುಧಾರಣೆಯ ಬಳಿಕ ಬೈಗುಳವಾಯಿತು.

ಉತ್ತರದ ಕಡಲಿನಲ್ಲಿ ಈ ಪದಕ್ಕೆ ಒದಗಿದ ಗತಿ ನನಗೆ ಎಲ್ಲಕ್ಕಿಂತ ಪ್ರಿಯವಾದುದು. ನಾರ್ವೆಯ ಜನರು ಐಸ್‌ಲೆಂಡಿನಲ್ಲಿ ನೆಲಸಲು ಬಂದಾಗ ಅಲ್ಲಿ ಕೆಲವು ಕ್ರೈಸ್ತ ಸಂನ್ಯಾಸಿಗಳು ಮೊದಲೇ ಇದ್ದರೆಂದೂ, ಅನ್ಯಮತೀಯರೊಡನೆ ವಾಸಿಸಲೊಲ್ಲದೆ ಹೊರಟುಹೋದ ಅವರು ಐರಿಷ್ ಪುಸ್ತಕಗಳನ್ನೂ ಗಂಟೆಗಳನ್ನೂ ದಂಡಗಳನ್ನೂ ಬಿಟ್ಟುಹೋದರೆಂದೂ ಹನ್ನೆರಡನೆಯ ಶತಮಾನದ ಇತಿಹಾಸಕಾರ ಆರಿ ಬರೆದಿದ್ದಾನೆ. ಆ ವಿರಕ್ತರನ್ನು ನಾರ್ವೆಯವರು ‘ಪಾಪರ್’ ಎಂದರು. ಐಸ್‌ಲೆಂಡಿನ ಪಾಪೆ, ಆರ್ಕ್ನಿಯ ಪಾಪಾ ವೆಸ್ಟ್ರೆ, ಶೆಟ್‌ಲೆಂಡಿನ ಪಾಪಾ ಸ್ಟೂರ್ ಎಂಬ ದ್ವೀಪಗಳ ಹೆಸರುಗಳಲ್ಲಿ ಅವರ ಬಿರುದು ಇನ್ನೂ ನಿಂತಿದೆ.

ತಂದೆಯನ್ನು ಸೂಚಿಸುವ ಮಾತಿಗೆ ಧರ್ಮದ ಪದವಿ ದೊರೆತುದು ಇದೊಂದೇ ಸಲವಲ್ಲ. ಆರಮೈಕ್ ಭಾಷೆಯ ‘ಅಬ್ಬಾ’ ಎಂಬುದು ಗ್ರೀಕ್, ಲ್ಯಾಟಿನ್‌ಗಳ ಮೂಲಕ ಸಾಗಿ ಇಂಗ್ಲಿಷರಲ್ಲಿ ‘ಆಬಟ್’, ಜರ್ಮನರಲ್ಲಿ ‘ಆಬ್ಟ್’ ಎಂದು ಮಠಾಧಿಪತಿಗಳ ಬಿರುದಾಯಿತು. ಫ್ರೆಂಚರಲ್ಲಿ ‘ಅಬ್ಬೆ’ ಎಂದಾಗಿ, ಮಠವಿಲ್ಲದ ಪುರೋಹಿತರಿಗೂ ಹರಡಿತು. ಪೋರ್ಚುಗೀಸರ ‘ಪಾದ್ರೆ’ ನಮ್ಮ ಕರಾವಳಿಯಲ್ಲಿಳಿದು ಕನ್ನಡದ ಪಾದ್ರಿಯಾದುದು ಸರ್ವವಿದಿತ. ಟಿಪ್ಪುವಿನ ಪತನಾನಂತರ ಶ್ರೀರಂಗಪಟ್ಟಣಕ್ಕೆ ಬಂದು, ಮೈಸೂರು ಸೀಮೆಯಲ್ಲಿ ಎರಡು ದಶಕಗಳಿಗೂ ಮೀರಿ ದೇಶೀಯ ಉಡುಪಿನಲ್ಲಿ ಬಾಳಿ, 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರಿಗಿದ್ದುದೂ ಈ ಪಿತೃವಾಚಕ ಬಿರುದೇ. ಹಳಗನ್ನಡದಲ್ಲಿ ‘ಅಬ್ಬೆ’ ಎಂದರೆ ತಾಯಿ. ನಮ್ಮ ಜನರು ಆ ಗೋಜಿಗೇ ಹೋಗದೆ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು.