ಅಸೆಂಬಲ್ಡ್ ಪಿಸಿ ಡೂಪ್ಲಿಕೇಟ್ ಮಾಲಾ? ಅಂಗಡಿ ಕಂಪ್ಯೂಟರ್ ಹಿಂದಿನ 40 ವರ್ಷದ ಕಥೆ ಇಲ್ಲಿದೆ

ಕರೂರು: ಜೆರಾಕ್ಸ್ ಅಂಗಡಿ, ಗೊಬ್ಬರದ ಅಂಗಡಿ, ರೈಸ್ ಮಿಲ್ ಆಫೀಸು ಎಲ್ಲೇ ಹೋಗಿ, ಮೇಜಿನ ಕೆಳಗಿರೋ ಸಿಪಿಯು ಡಬ್ಬದ ಮೇಲೆ ಎಷ್ಟೋ ಕಡೆ ಕಂಪನಿ ಹೆಸರೇ ಇರೋದಿಲ್ಲ. ಮದರ್‌ಬೋರ್ಡ್ ಒಂದು ಕಂಪನಿಯದು, ರ‍್ಯಾಮ್ ಇನ್ನೊಂದರದ್ದು, ಹಾರ್ಡ್ ಡಿಸ್ಕ್ ಮತ್ತೊಂದರದ್ದು. ಇದಕ್ಕೇ ‘ಅಸೆಂಬಲ್ಡ್’ ಅಂತಾರೆ. ‘ಬ್ರಾಂಡೆಡ್ ಅಲ್ಲ ಅಂದ್ಮೇಲೆ ಡೂಪ್ಲಿಕೇಟೇ’ ಅನ್ನೋರೂ ಇದ್ದಾರೆ. ಆದರೆ ಅಸೆಂಬಲ್ಡ್ ಪಿಸಿ ಕಾನೂನಿನ ಪ್ರಕಾರವೇ ಬಂದ ಮಾಲು. ಡೂಪ್ಲಿಕೇಟ್ ಇರೋದು ಬೇರೆ ಕಡೆ.

ಐಬಿಎಂ ತೆರೆದಿಟ್ಟ ಬಾಗಿಲು

1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡಿತು. ಆರಂಭದ ಬೆಲೆ 1,565 ಡಾಲರ್. ಬೇಗ ಮಾರುಕಟ್ಟೆಗೆ ತರಬೇಕು ಅಂತ ಬಿಡಿಭಾಗಗಳನ್ನು ಹೊರಗಿನಿಂದ ಕೊಂಡಿತ್ತು. ಪ್ರೊಸೆಸರ್ ಇಂಟೆಲ್‌ನ 8088, ಡಾಸ್ ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ದು. ಅದೇ ಡಾಸನ್ನು ಬೇರೆ ಕಂಪನಿಗಳಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ಉಳಿಸಿಕೊಂಡಿತ್ತು.

ಐಬಿಎಂನ ಸ್ವಂತದ್ದು ಅಂತ ಉಳಿದ ಮುಖ್ಯ ಭಾಗ ಬಯೋಸ್. ಸ್ವಿಚ್ ಒತ್ತಿದ ಕೂಡಲೇ ಕೀಬೋರ್ಡ್, ಸ್ಕ್ರೀನ್, ಡಿಸ್ಕ್‌ಗಳನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಂ ಇದು. ಇದಕ್ಕೆ ಕಾಪಿರೈಟ್ ಇತ್ತು. ಹಾಗೇ ನಕಲು ಮಾಡಿದರೆ ಕೋರ್ಟ್ ಕೇಸ್ ಗ್ಯಾರಂಟಿ.

1982ರಲ್ಲಿ ಕೊಲಂಬಿಯಾ ಡೇಟಾ ಪ್ರಾಡಕ್ಟ್ಸ್, ಆಮೇಲೆ ಕಾಂಪ್ಯಾಕ್ ಕಂಪನಿಗಳು ಇದಕ್ಕೆ ದಾರಿ ಕಂಡುಕೊಂಡವು. ಒಂದು ತಂಡ ಐಬಿಎಂ ಬಯೋಸ್ ಓದಿ, ಅದು ಏನೇನು ಕೆಲಸ ಮಾಡುತ್ತೆ ಅನ್ನೋದನ್ನು ಮಾತ್ರ ಪಟ್ಟಿ ಮಾಡೋದು. ಮೂಲವನ್ನು ಕಣ್ಣಲ್ಲೂ ನೋಡದ ಇನ್ನೊಂದು ತಂಡ ಆ ಪಟ್ಟಿ ಇಟ್ಟುಕೊಂಡು ಹೊಸದಾಗಿ ಬರೆಯೋದು. ಬಳ್ಳಾರಿ ಜೀನ್ಸ್ ಲೆಕ್ಕದಲ್ಲಿ ಹೇಳೋದಾದ್ರೆ, ಮೂಲ ಪ್ಯಾಂಟ್ ತೋರಿಸದೆ ಬರೀ ಅಳತೆ ಚೀಟಿ ಕೊಟ್ಟು ಬೇರೆ ಟೈಲರ್ ಕೈಲಿ ಹೊಲಿಸಿದ ಹಾಗೆ. ಅಳತೆ ಒಂದೇ, ಹೊಲಿಗೆ ಸ್ವಂತದ್ದು.

1984ರಲ್ಲಿ ಫೀನಿಕ್ಸ್ ಟೆಕ್ನಾಲಜೀಸ್ ಇದೇ ರೀತಿ ಬಯೋಸ್ ಬರೆದು ಯಾವ ಕಂಪನಿಗೆ ಬೇಕಾದರೂ ಮಾರತೊಡಗಿತು. ಅಲ್ಲಿಂದ ‘ಕ್ಲೋನ್’ ಪಿಸಿಗಳ ಸುರಿಮಳೆ. 1987ರಲ್ಲಿ ಐಬಿಎಂ ಪಿಎಸ್/2 ಅಂತ ಹೊಸ ಮಾದರಿ ತಂದು ಹಿಡಿತ ವಾಪಸ್ ಪಡೆಯಲು ನೋಡಿತು. ಮರುವರ್ಷವೇ ಕಾಂಪ್ಯಾಕ್ ಸೇರಿ 9 ಕಂಪನಿಗಳು ಒಟ್ಟಾಗಿ ಅದಕ್ಕೆ ಎದುರು ನಿಂತವು. ಕೊನೆಗೆ 2005ರಲ್ಲಿ ಐಬಿಎಂ ತನ್ನ ಪಿಸಿ ವ್ಯಾಪಾರವನ್ನೇ ಲೆನೊವೊಗೆ ಮಾರಿಬಿಟ್ಟಿತು.

ನಮ್ಮ ಕಡೆ ಬಂದಿದ್ದು ಹೇಗೆ?

1984ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಹೊಸ ಕಂಪ್ಯೂಟರ್ ನೀತಿ ಬಂದು, ಬಿಡಿಭಾಗ ತರಿಸೋದು ಸಲೀಸಾಯ್ತು. ವನಸ್ಪತಿ ಎಣ್ಣೆ ಮಾಡುತ್ತಿದ್ದ ವಿಪ್ರೋ ಕೂಡ ಆ ದಶಕದಲ್ಲಿ ಪಿಸಿ ತಯಾರಿಸಿ ಮಾರಿತು. ಪಿಸಿಯಲ್ಲಿ ಅಂಗಡಿ ಲೆಕ್ಕ ಇಡುವ ಟ್ಯಾಲಿ 1986ರಲ್ಲಿ ಶುರುವಾಯ್ತು. ಬೆಂಗಳೂರಿನ ಎಸ್‌ಪಿ ರೋಡ್ ಬಿಡಿಭಾಗಗಳ ದೊಡ್ಡ ಪೇಟೆಯಾಗಿ ಬೆಳೆಯಿತು. 1997ರಲ್ಲಿ ಭಾರತ ಸೇರಿದ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಕಂಪ್ಯೂಟರ್ ಮೇಲಿನ ಆಮದು ಸುಂಕ 2005ರ ಹೊತ್ತಿಗೆ ಸೊನ್ನೆಗೆ ಇಳಿಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲಂತೂ ಸಣ್ಣ ವ್ಯಾಪಾರಿಗೂ ಕಂಪ್ಯೂಟರ್ ಇಲ್ಲದೆ ಕೆಲಸ ಕಷ್ಟ.

ಎಲ್ಲಿ ಹುಷಾರಾಗಿರಬೇಕು?

ಕ್ಲೋನ್‌ನ ದೊಡ್ಡ ಲಾಭ ರಿಪೇರಿ. ಕರೆಂಟ್ ಏರಿಳಿತಕ್ಕೆ ಪವರ್ ಸಪ್ಲೈ ಸುಟ್ಟರೆ ಅದೊಂದನ್ನೇ ಬದಲಿಸಿದರೆ ಸಾಕು. ಆದರೆ ಪೂರ್ತಿ ಡಬ್ಬಕ್ಕೆ ಒಂದೇ ಕಂಪನಿಯ ವಾರಂಟಿ ಇರೋದಿಲ್ಲ, ಒಂದೊಂದು ಭಾಗಕ್ಕೆ ಒಂದೊಂದು. ಹಾಗಾಗಿ ಪ್ರತಿ ಭಾಗದ ಹೆಸರು, ಸೀರಿಯಲ್ ನಂಬರ್ ಇರೋ ಜಿಎಸ್‌ಟಿ ಬಿಲ್ ಕೇಳಿ ಪಡೀಬೇಕು. ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ’ ಅಂದಾಗ ಒಪ್ಪಿಕೊಂಡರೆ, ಭಾಗ ಕೆಟ್ಟ ದಿನ ಕೇಳೋಕೆ ದಾಖಲೆ ಇರೋದಿಲ್ಲ.

ಎರಡನೇದು ವಿಂಡೋಸ್. ಬಯೋಸ್ ಅನ್ನು ಸ್ವಂತವಾಗಿ ಬರೆದಿದ್ದಕ್ಕೇ ಕ್ಲೋನ್ ಕಾನೂನಿಗೆ ಸರಿ. ಲೈಸೆನ್ಸ್ ಇಲ್ಲದೆ ಪೆನ್‌ಡ್ರೈವ್‌ನಿಂದ ಹಾಕುವ ಕ್ರ್ಯಾಕ್ ವಿಂಡೋಸ್ ಮಾತ್ರ ನೇರಾನೇರ ನಕಲು. ಅದರ ಜತೆ ವೈರಸ್ ಬಂದರೆ ವರ್ಷಗಟ್ಟಲೆ ಇಟ್ಟ ಟ್ಯಾಲಿ ಲೆಕ್ಕಕ್ಕೇ ಕುತ್ತು.

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಜನರೇಶನ್ ಅಥವಾ ಮೇಲಿನದು ಇರಬೇಕು. ಕೆಲವು ಪಿಸಿಗಳಲ್ಲಿ ಟಿಪಿಎಂ ಇದ್ದರೂ ಬಯೋಸ್ ಸೆಟ್ಟಿಂಗ್‌ನಲ್ಲಿ ಆಫ್ ಆಗಿರುತ್ತೆ, ಮೊದಲು ಅದನ್ನು ನೋಡಿಸಿ. ಇಲ್ಲದಿದ್ದರೂ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಬದಲಿಸಿ, ಹಳೇ ಡಬ್ಬ, ಮಾನಿಟರ್, ಡಿಸ್ಕ್ ಉಳಿಸಿಕೊಳ್ಳಬಹುದು. ಯಾವುದೇ ಕೆಲಸ ಕೊಡುವ ಮುಂಚೆ ಲೆಕ್ಕದ ಬ್ಯಾಕಪ್ ತೆಗೆದು ಬೇರೆ ಕಡೆ ಇಟ್ಟುಕೊಳ್ಳೋದು ಮರೀಬೇಡಿ.